ಮೀನಿನ ಶನಿವಾರ

ಅವ್ವನ ವರ್ಷದ ಕಾರ್ಯಕ್ಕೆಂದು ಶ್ರೀರಂಗಪಟ್ಟಣಕ್ಕೆ ಹೋದವನು ವಾಪಸು ಬರುವಾಗ ಒಂದು ಮೀನು ತಂದೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿದರೆ ಹುಚ್ಚನ ಮಾತಿನ ಹಾಗಿರುತ್ತದೆ, ನನಗೂ ಗೊತ್ತು. ಹೊಳೆಯ ಕೆಲಸ ಮುಗಿಸಿ, ಒದ್ದೆ ಪಂಚೆ ಚೀಲಕ್ಕೆ ತುರುಕಿಕೊಂಡು, ನಾನೂ ಅಪ್ಪನೂ ಬಸ್ಸಿಗೆ ಕಾಯುತ್ತಿದ್ದೆವು. ಪಕ್ಕದಲ್ಲೇ ಬಣ್ಣದ ಮೀನು ಮಾರುವ ಒಂದು ಚಿಕ್ಕ ಅಂಗಡಿ. ಹೊರಗಿನ ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಲೋಟಗಳು, ಲೋಟಕ್ಕೊಂದು ಮೀನು. ತಿರುಗಿಕೊಳ್ಳಲೂ ಜಾಗವಿಲ್ಲ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ, ಆವತ್ತಂತೂ ಬೇಕೇ ಇರಲಿಲ್ಲ.

"ನಿಮ್ಮನ್ನ ಇಂಥ ಲೋಟದಲ್ಲಿ ಕೂರಿಸಿದ್ರೆ ಇರ್ತೀರಾ?" ಎಂದು ಅಂಗಡಿಯವನನ್ನು ಕೇಳಿದೆ.

ಅವನು ಇಂಥವರನ್ನು ಬೇಕಾದಷ್ಟು ನೋಡಿದ್ದವನು. "ಇದು ಫೈಟರ್ ಸಾರ್. ಬೆಟ್ಟಾ ಅಂತಾರಲ್ಲ, ಅದೇ. ಎರಡು ಗಂಡು ಒಂದ್ಕಡೆ ಬುಟ್ರೆ ಕಿತ್ತಾಡ್ಕಂಡು ಸಾಯ್ತವೆ. ಮೇಲಕ್ಕೆ ಬಂದು ಗಾಳಿ ಕುಡೀತದೆ, ಅದ್ಕೇ ಲೋಟದಲ್ಲೂ ಬದುಕ್ತದೆ. ಅಷ್ಟು ಸಂಕಟ ಆದ್ರೆ ತಕ್ಕಂಡೋಗಿ ದೊಡ್ಡದ್ರಲ್ಲಿ ಬುಡಿ" ಎಂದ. ಜಗಳ ವ್ಯಾಪಾರದಲ್ಲಿ ಮುಗಿಯಿತು. ಕಡುನೀಲಿಯ, ಬಾಲದ ಅಂಚು ಕೆಂಪಾಗಿದ್ದ ಒಂದು ಮೀನನ್ನು ನೀರು ತುಂಬಿದ ಕವರಿನಲ್ಲಿ ಗಂಟು ಹಾಕಿ ಕೊಟ್ಟ. ಜೀವ ಇರುವ ಹುಳ ಹಾಕಿದರೆ ಚೆನ್ನಾಗಿ ಬರುತ್ತದೆ, ಸೊಳ್ಳೆಮರಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಇದರ ಹೊಟ್ಟೆ ಇರುವುದು ಇದರ ಕಣ್ಣಿನಷ್ಟೇ, ನೋಡಿಕೊಂಡು ಹಾಕಿ ಎಂದೂ ಹೇಳಿದ. ಈ ಕೊನೆಯ ಮಾತನ್ನು ನಾನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದೆ.

ನನ್ನ ಕೈಯಲ್ಲಿ ಪಾತ್ರೆಯ ಚೀಲ ಇದ್ದದ್ದರಿಂದ ಮೀನಿನ ಕವರು ಅಪ್ಪನ ತೊಡೆಯ ಮೇಲೆ ಕೂತಿತು. ಪಾಂಡವಪುರ ದಾಟುವವರೆಗೂ ಅಪ್ಪ ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಕವರನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದ. ಆಮೇಲೆ, "ಏನ್ ತಿಂತದ್ಲಾ ಇದು?" ಎಂದು ಕೇಳಿದ. ಎಷ್ಟೋ ತಿಂಗಳ ಮೇಲೆ ಅಪ್ಪ ತಿನ್ನುವ ವಿಷಯ ಎತ್ತಿದ್ದು ಅದೇ ಮೊದಲು.

ಯಾಕೆಂದರೆ ಆ ವರ್ಷ ನಮ್ಮ ಮನೆಯಲ್ಲಿದ್ದ ಚಿಂತೆ ಒಂದೇ, ಅಪ್ಪನ ಊಟ. ಅವ್ವ ಇದ್ದಾಗ ಎರಡು ಮುದ್ದೆ ನುಂಗಿ, ಸಾರು ಸುರಿದುಕೊಂಡು, ಮೇಲೆ ಅನ್ನ ಮಜ್ಜಿಗೆ ಉಂಡು ಏಳುತ್ತಿದ್ದ ಮನುಷ್ಯ. ಅವ್ವ ಹೋದಮೇಲೆ ಎರಡು ಒಂದಾಯಿತು, ಒಂದು ಅರ್ಧವಾಯಿತು. ಅರ್ಧವನ್ನೂ ಸಾರಿನಲ್ಲಿ ಅತ್ತ ಇತ್ತ ಉರುಳಿಸಿ ಎದ್ದುಬಿಡುತ್ತಿದ್ದ. ಕೆ.ಆರ್. ಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ರಕ್ತ, ಉಚ್ಚೆ, ಎದೆಯ ಫೋಟೋ ಎಲ್ಲ ಆಯಿತು. "ಕಾಯಿಲೆ ಏನಿಲ್ಲ, ಆದರೆ ಹೀಗೇ ಬಿಟ್ಟರೆ ಉಳಿಯುವುದು ಕಷ್ಟ. ತಿನ್ನಬೇಕು" ಎಂದರು. ತಿನ್ನಬೇಕು ಎನ್ನುವುದು ನಮಗೂ ಗೊತ್ತಿತ್ತು. ಪಂಚೆಯ ಮೇಲೆ ಬಿಗಿಯುತ್ತಿದ್ದ ಚರ್ಮದ ಪಟ್ಟಿಗೆ ನಾನೇ ಮೊಳೆಯಿಂದ ಮೂರು ಹೊಸ ತೂತು ಹೊಡೆದಿದ್ದೆ.

ನನಗೆ ಗೊತ್ತಿದ್ದ ಉಪಾಯ ಒಂದೇ, ಗದರುವುದು. "ಉಣ್ಣಪ್ಪ. ಇನ್ನೊಂಚೂರು. ಯಾರಿಗೆ ಉಳಿಸ್ತಿದ್ದೀಯ? ನೀನೂ ಹೊರಟ್ರೆ ನಾವೇನ್ ಮಾಡಾದು?" ದಿನಾ ಎರಡು ಹೊತ್ತು ಇದೇ ಪಾಠ. ಒಂದು ದಿನ ತಟ್ಟೆಯನ್ನೇ ದಬ್ಬಿದೆ. ಅದು ಜಾರಿ ಗೋಡೆಗೆ ಬಡಿಯಿತು. ಅಪ್ಪ ಕೈ ತೊಳೆದುಕೊಂಡು ಕೊಟ್ಟಿಗೆಗೆ ಹೋದ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನಾನು ಮಾಡಿದ್ದು ಪ್ರೀತಿಯಿಂದಲೇ, ಆದರೆ ಆ ಪ್ರೀತಿ ನೋಡುವವರಿಗೆ ಪೊಲೀಸರ ಕೆಲಸದ ಹಾಗೆ ಕಾಣುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅಂಥ ಮನೆಗೆ ಮೀನು ಬಂತು. "ತಾಯಿ ಕಾರ್ಯಕ್ಕೋದೋರು ಮೀನ್ ಇಡ್ಕಂಡ್ ಬಂದವ್ರೆ ಅಂದ್ರೆ ಊರೋರು ಏನಂತಾರೆ?" ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. ಬೈದರೂ, ಉಪ್ಪಿನಕಾಯಿಗೆಂದು ಇಟ್ಟಿದ್ದ ಅಗಲ ಬಾಯಿಯ ದೊಡ್ಡ ಗಾಜಿನ ಜಾಡಿಯನ್ನು ಅವಳೇ ತೊಳೆದು ಕೊಟ್ಟಳು. ಕೊಳವೆಬಾವಿಯ ನೀರು ತುಂಬಿ, ಕೆರೆಯಿಂದ ಒಂದಿಷ್ಟು ಪಾಚಿಗಿಡ ತಂದು ಹಾಕಿ, ಊಟದ ಮನೆಯ ಕಿಟಕಿಯಲ್ಲಿಟ್ಟೆ. ಮೀನು ಹಾರೀತು ಎಂದು ಮೇಲೆ ಬಟ್ಟೆ ಕಟ್ಟಿದೆ, ಗಾಳಿಗೆ ಜಾಗ ಬಿಟ್ಟೆ. ಮೊದಲ ದಿನ ಅದು ಮೂಲೆಯಲ್ಲಿ ಮುದುರಿಕೊಂಡಿತ್ತು. ಮಾರನೆಯ ದಿನ ಬಾಲ ಬಿಚ್ಚಿತು. ಅಷ್ಟು ಸಣ್ಣ ದೇಹಕ್ಕೆ ಅಷ್ಟೊಂದು ಬಾಲ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಹುಳಕ್ಕೆ ಅಲೆಯುವ ಕಷ್ಟ ನಮಗಿರಲಿಲ್ಲ. ಅವ್ವ ಇದ್ದಾಗ ಮೂರು ಹಸು ಇದ್ದವು. ಹಾಲು ಕರೆಯುತ್ತಿದ್ದದ್ದು ಅವಳೇ. ಅವಳು ಹೋದಮೇಲೆ ಎರಡನ್ನು ಕೊಟ್ಟು ಒಂದನ್ನೇ ಉಳಿಸಿಕೊಂಡಿದ್ದೆವು. ಹಾಗಾಗಿ ಕೊಟ್ಟಿಗೆಯ ಹಿಂದಿನ ಕಲ್ಲಿನ ಬಾನಿ, ದನ ನೀರು ಕುಡಿಯುತ್ತಿದ್ದ ದೊಡ್ಡ ಬಾನಿ, ಒಂದು ಹಸುವಿಗೆ ಬಕೆಟ್ಟೇ ಸಾಕಾದ್ದರಿಂದ, ವರ್ಷದಿಂದ ಯಾರೂ ಮುಟ್ಟದೆ ಪಾಚಿ ಕಟ್ಟಿ ನಿಂತಿತ್ತು. ಅದರಲ್ಲಿ ಸೊಳ್ಳೆಮರಿಗಳು ಕೊಂಕಿ ಕೊಂಕಿ ಏಳುತ್ತ ಇಳಿಯುತ್ತ ಇದ್ದವು. ಅವುಗಳ ನಡುವೆ ಸಾಸಿವೆಗಿಂತಲೂ ಸಣ್ಣಗೆ, ಕುಪ್ಪಳಿಸಿಕೊಂಡು ಓಡಾಡುವ ಇನ್ನೊಂದು ಜಾತಿಯ ಹುಳ. ಫೋನಿನಲ್ಲಿ ವಿಡಿಯೋ ನೋಡಿ ಅದರ ಹೆಸರು ಡಾಫ್ನಿಯಾ ಎಂದೂ, ಮೀನಿನ ಹೊಟ್ಟೆಗೆ ಅದು ತುಂಬ ಹಗುರ ಎಂದೂ ತಿಳಿದುಕೊಂಡೆ.

ಹಳೆಯ ಸೊಳ್ಳೆಪರದೆಯ ಒಂದು ತುಂಡನ್ನು ತಂತಿಗೆ ಹೊಲಿದು ಜಾಲರಿ ಮಾಡಿದೆ. ಸೊಳ್ಳೆಪರದೆಯಲ್ಲಿ ಸೊಳ್ಳೆ ಹಿಡಿಯುವವರನ್ನು ಇದೇ ಮೊದಲು ನೋಡಿದ್ದು ಎಂದು ಹೆಂಡತಿ ಆಡಿಕೊಂಡಳು. ಬೆಳಿಗ್ಗೆ ನನ್ನ ಮೋಟಾರು ರಿಪೇರಿ ಅಂಗಡಿಗೆ ಹೊರಡುವ ಮುಂಚೆ ಹುಳ ಸೋಸಿ, ಒಳ್ಳೆಯ ನೀರಿನಲ್ಲಿ ಎರಡು ಸಲ ಜಾಲಿಸಿ, ಜಾಡಿಗೆ ಬಿಡುತ್ತಿದ್ದೆ. ಪೇಟೆಯಲ್ಲಿ ಸಿಗುವ ಒಣ ಕಾಳುಮೇವು ಹಾಕಿದರೆ ಮೂತಿ ತಿರುಗಿಸುತ್ತಿದ್ದ ಮೀನು, ಅಲ್ಲಾಡುವ ಹುಳ ಕಂಡ ಕೂಡಲೇ ನಿಂತಲ್ಲೇ ಬಿಗಿಯಾಗಿ, ಕಣ್ಣು ತಿರುಗಿಸಿ ಗುರಿ ಹಿಡಿದು, ಟಪಕ್ಕನೆ ಹಿಡಿಯುತ್ತಿತ್ತು. ಆ ಬೇಟೆಯೇ ಅದರ ಆಟ, ಅದೇ ಅದರ ವ್ಯಾಯಾಮ. ಅದರ ಮೈಬಣ್ಣ ಹತ್ತು ದಿನದಲ್ಲಿ ಗಾಢವಾಯಿತು. ಮನೆಯಲ್ಲಿ ಒಂದು ಜೀವವಾದರೂ ನಾನು ಹಾಕಿದ್ದನ್ನು ಹಾಕಿದ ಕೂಡಲೇ ತಿನ್ನುತ್ತಿತ್ತು. ನನಗೆ ಅದಕ್ಕಿಂತ ಸುಖ ಬೇರೆ ಇರಲಿಲ್ಲ.

ಒಂದು ಬೆಳಿಗ್ಗೆ ಜಾಲರಿ ಹಿಡಿದು ಬಾನಿಗೆ ಬಗ್ಗಿದ್ದೆ. ಜಗುಲಿಯಿಂದ ಅಪ್ಪ ಕೂಗಿಕೊಂಡ. "ಲೇ, ಆ ನೀರ್ ಮುಟ್ಬ್ಯಾಡ ಕಣ್ಲಾ! ನೆನ್ನೆ ಅಸೀನ ಮೈಗೆ ಉಣ್ಣೆ ಔಷ್ದಿ ಬಳ್ದು ಅಲ್ಲೇ ತೊಳ್ದಿವ್ನಿ. ಬಾನಿ ಒಳಕ್ಕೆಲ್ಲ ಸಿಡ್ದದೆ. ಆ ಉಳ ತಿಂದ್ರೆ ನಿನ್ ಮೀನು ಒಂದೇ ಏಟ್ಗೆ ಸತ್ತೋಯ್ತದೆ." ನಾನು ಬಗ್ಗಿ ನೋಡಿದರೆ ಹೌದು, ಹುಳಗಳೆಲ್ಲ ಸತ್ತು ತಳ ಸೇರಿದ್ದವು. ಬಾನಿಯನ್ನು ಖಾಲಿ ಮಾಡಿ, ಉಜ್ಜಿ ತೊಳೆದು, ದೂರದ ಹುಣಸೆಮರದ ಕೆಳಗೆ ಬೇರೆ ಬಕೆಟ್ಟು ಇಟ್ಟೆವು. ಅಪ್ಪನೇ ಅದಕ್ಕೆ ಒಂದು ಹಿಡಿ ಒಣಹುಲ್ಲು ಹಾಕಿ ಕೆರೆಯ ನೀರು ತುಂಬಿದ. ಬಕೆಟ್ಟನ್ನು ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ ಬೇರೆ ತುಂಬಬೇಕು, ಇಲ್ಲದಿದ್ದರೆ ಮರಿ ರೆಕ್ಕೆ ಬಂದು ಮನೆಗೇ ನುಗ್ಗುತ್ತವೆ ಎಂದು ಹೆಂಡತಿ ಕಟ್ಟುನಿಟ್ಟು ಮಾಡಿದಳು. ಆ ಕೆಲಸವನ್ನೂ ಅಪ್ಪ ತಾನೇ ಇಟ್ಟುಕೊಂಡ. ಆದರೆ ಊಟ ಮಾತ್ರ ಅದೇ ಅರ್ಧ ಮುದ್ದೆ.

ನನ್ನ ಕೆಲಸ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು. ಒಂದು ಸುತ್ತು ಹೆಚ್ಚುಕಮ್ಮಿ ಆದರೂ ಮೋಟಾರು ಬಾಳಿಕೆ ಬರುವುದಿಲ್ಲ, ಹಾಗಾಗಿ ದಿನವಿಡೀ ಎಣಿಸುತ್ತಲೇ ಇರುತ್ತೇನೆ. ಹಾಗೆ ಎಣಿಸುವವನು ಹುಳ ಮಾತ್ರ ಎಣಿಸಲಿಲ್ಲ. ಮೀನು ಮೇಲೆ ಬಂದು ನನ್ನ ಮುಖ ನೋಡಿದರೆ ಸಾಕು, ಇನ್ನಷ್ಟು ಬಿಡುತ್ತಿದ್ದೆ. ಬೆಳಿಗ್ಗೆ ಒಂದು ಚಮಚ, ಸಂಜೆ ಬಂದ ಮೇಲೆ ಒಂದು ಚಮಚ. ಅಪ್ಪನ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಆ ಜಾಡಿಗೆ ತುಂಬುತ್ತಿದ್ದೆನೋ ಏನೋ.

ಒಂದು ಬುಧವಾರ ಸಂಜೆ ಬಂದು ನೋಡಿದರೆ ಮೀನು ನೀರಿನ ಮೇಲೆ ಓರೆಯಾಗಿ ತೇಲುತ್ತಿತ್ತು. ಹೊಟ್ಟೆ ಒಂದು ಕಡೆಗೆ ಗುಂಡಗೆ ಊದಿಕೊಂಡಿತ್ತು. ಕೆಳಗೆ ಇಳಿಯಲು ಒದ್ದಾಡಿ, ಅರ್ಧಕ್ಕೆ ಹೋಗಿ, ಮತ್ತೆ ಬೆಂಡಿನ ಹಾಗೆ ಮೇಲೆ ಬರುತ್ತಿತ್ತು. ಅವ್ವನ ಕಾರ್ಯದ ದಿನ ತಂದ ಜೀವ, ಅದೂ ನನ್ನ ಕೈಯಲ್ಲೇ ಹೋಗುತ್ತದೆ ಎನ್ನಿಸಿ ಅಪ್ಪನನ್ನು ಕೂಗಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಬಂದ. ನನ್ನ ಅಂಗಡಿಯ ಭೂತಗನ್ನಡಿಯನ್ನೂ ಇಸಿದುಕೊಂಡು ಜಾಡಿಯ ಸುತ್ತ ಒಂದು ಸುತ್ತು ಬಂದ. ದನದ ಪಕ್ಕೆಯನ್ನು ಬೆರಳಿನಿಂದ ಬಡಿದು ನೋಡುವವನ ಹಾಗೆ ಗಾಜಿನ ಮೇಲೆ ಮೆಲ್ಲಗೆ ತಟ್ಟಿದ.

"ಮೈಮ್ಯಾಲಿನ ಉರುಪೆ ಕೆದರಿಲ್ಲ ತಾನೆ? ಇಲ್ಲ, ಮೈಗೇ ಅಂಟ್ಕಂಡವೆ. ಒಳ್ಗಡೆ ಕೆಟ್ಟಿಲ್ಲ ಅಂಗಾರೆ. ಇದು ಒಟ್ಟೆಉಬ್ಬರ ಕಣ್ಲಾ. ಎಷ್ಟ್ ಆಕ್ತಿದ್ದೆ?"

"ಹೊತ್ತಿಗೊಂದು ಚಮಚ."

"ಚಮ್ಚ! ಲೇ, ಅದ್ರ ಮೈಯೇ ಒಂದ್ ಚಮ್ಚ ಇಲ್ವಲ್ಲೋ!" ಎಂದು ಅಪ್ಪ ನಕ್ಕ. ನಗು ಕೇಳಿ ಒಳಗಿಂದ ಹೆಂಡತಿ ಓಡಿ ಬಂದಳು. ವರ್ಷದಿಂದ ಆ ಸದ್ದು ಮನೆಯಲ್ಲಿ ಕೇಳಿರಲಿಲ್ಲ.

ಅಪ್ಪನ ಆಯಸ್ಸಿನಲ್ಲಿ ಹೊಟ್ಟೆ ಉಬ್ಬರಿಸಿದ ದನ ಎಷ್ಟು ಎದ್ದು ನಿಂತಿವೆಯೋ. ಸುತ್ತಮುತ್ತಲ ಊರಿನವರು ಶೀಳನೆರೆಯಿಂದ ದನದ ಡಾಕ್ಟರು ಬರುವುದರೊಳಗೆ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ಕುಡಿಸಿ, ಪಕ್ಕೆ ನೀವಿ, ದನವನ್ನು ನಡೆಸಾಡಿಸಿ ಉಳಿಸಿಕೊಡುತ್ತಿದ್ದ. "ಇದ್ಕೆ ಗೊಟ್ಟ ಆಕಣ ಅಂದ್ರೆ ಬಾಯೆಲ್ಲದೆ? ಮೂರ್ ದಿಸ ಒಟ್ಟೆ ಖಾಲಿ ಬುಡು. ನೀರ್ ಅರ್ಧ ಬದ್ಲಾಯ್ಸು, ತಣ್ಣಗಿರಾದು ಬ್ಯಾಡ. ಅಷ್ಟೇಯ" ಎಂದ.

"ಸತ್ತುಹೋದ್ರೆ?"

"ಮೂರ್ ದಿಸ ತಿನ್ದೆ ಇದ್ರೆ ಯಾವ್ದೂ ಸಾಯಾಕಿಲ್ಲ. ನೀನು ಸುಮ್ಕಿದ್ರೆ ಸಾಕು."

ಸುಮ್ಮನಿರುವುದು ನನ್ನ ಜಾತಕದಲ್ಲಿ ಇಲ್ಲ. ಮಾರನೆಯ ದಿನ ಮೀನು ಓರೆಯಾಗಿಯೇ ಬಂದು ನನ್ನ ಕಡೆ ಬಾಯಿ ಬಿಟ್ಟಿತು. ಎರಡೇ ಎರಡು ಹುಳ ಎಂದು ಕೈ ಚಾಚಿದ್ದೆ. "ನಿನ್ ಕೈಗೆ ಅಗ್ಗ ಕಟ್ಬೇಕು ಕಣ್ಲಾ" ಎಂದು ಹಿಂದಿನಿಂದ ಅಪ್ಪನ ದನಿ ಬಂತು. ಆವತ್ತಿನಿಂದ ಅಪ್ಪ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕಾವಲು ಕೂತ. ನಾನು ಅಪ್ಪನ ತಟ್ಟೆಗೆ ಕಾವಲು ಕೂರುತ್ತಿದ್ದೆ, ಅಪ್ಪ ನನ್ನ ಕೈಗೆ ಕಾವಲು ಕೂತ.

ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. "ಬಾ ನೋಡ್ಬಾ! ಸಗಣಿ ಆಕದೆ!" ಎಂದು ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಓಡಿ ಹೋದೆ. ಜಾಡಿಯ ತಳದಲ್ಲಿ ಕಂದು ಬಣ್ಣದ ಒಂದು ಎಳೆ. ಅಪ್ಪ ಭೂತಗನ್ನಡಿ ಹಿಡಿದು, ಕರು ಹಾಕಿದ ಹಸುವನ್ನು ನೋಡುವಷ್ಟು ಸಂತೋಷದಿಂದ ಅದನ್ನು ನೋಡುತ್ತಿದ್ದ. ಮಧ್ಯಾಹ್ನಕ್ಕೆ ಮೀನು ನೇರವಾಯಿತು, ತಳದವರೆಗೂ ಇಳಿದು ಬಂತು.

ಸಂಜೆ ನಾನು ಬೇಗ ಮನೆಗೆ ಬಂದು, ಇನ್ನು ಹುಳ ಹಾಕಬಹುದಾ ಎಂದು ಕೇಳಿದೆ. ಮೂರು ದಿನ ಕಳೆದಿತ್ತಲ್ಲ.

"ಇವತ್ ಏನ್ ವಾರ?" ಎಂದು ಅಪ್ಪ ಕೇಳಿದ.

"ಶನಿವಾರ."

"ಅಂಗಾರೆ ನಾಳೀಕೆ ಆಕು. ಎಣಿಸ್ಬುಟ್ಟು ಮೂರ್ ಆಕು, ಆ ಕುಪ್ಪಳ್ಸೋ ಸಣ್ಣವು ಬೇಕಾರೆ ಇನ್ನೊಂದ್ ನಾಕು. ಇನ್ಮೇಲೆ ಶನಿವಾರ ಇದ್ಕೆ ವಾರ. ನಿಮ್ಮವ್ವ ಓದ್ಮೇಲೆ ಈ ಮನೇಲಿ ವಾರ ಮಾಡೋರೇ ಇಲ್ಲ. ಇದಾದ್ರೂ ಮಾಡ್ಲಿ."

ಅವ್ವ ಶನಿವಾರ ಒಪ್ಪತ್ತು ಇರುತ್ತಿದ್ದಳು. ಹಗಲೆಲ್ಲ ಏನೂ ಮುಟ್ಟದೆ, ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಒಂದೇ ಊಟ. ನನಗೆ ಬುದ್ಧಿ ಬಂದಾಗಿನಿಂದ ಒಂದು ಶನಿವಾರವೂ ತಪ್ಪಿದ್ದು ಕಾಣೆ. ಜ್ವರ ಬಂದರೂ ಇಲ್ಲ, ಕಳೆ ಕೀಳುವ ಕಾಲದಲ್ಲೂ ಇಲ್ಲ. ನಾನು ಬೇಕೆಂದೇ ಶನಿವಾರ ಮಧ್ಯಾಹ್ನ ಪೇಟೆಯಿಂದ ಬಿಸಿ ಬೋಂಡ ತಂದು ಅವಳ ಮೂಗಿನ ಮುಂದೆ ಹಿಡಿಯುತ್ತಿದ್ದೆ. "ನಿನ್ ದೇವ್ರು ಲೆಕ್ಕ ಇಟ್ಕಂಡ್ ಕೂತಿಲ್ಲ, ತಿನ್ನವ್ವ" ಎನ್ನುತ್ತಿದ್ದೆ. ಅವಳು ನಕ್ಕು, "ಮುಚ್ಚಿಡು, ಆಮೇಲ್ ತಿಂತೀನಿ" ಎನ್ನುತ್ತಿದ್ದಳು.

ಹೆಂಡತಿಗೆ ನಗು ತಡೆಯಲಿಲ್ಲ. "ಮೀನು ಯಾವ್ ದೇವ್ರಿಗೆ ವಾರ ಮಾಡ್ತದೆ ಮಾವ?" ಎಂದಳು.

"ನಿಮ್ಮತ್ತೆ ಯಾವ್ ದೇವ್ರಿಗೆ ಮಾಡ್ತಿದ್ಳು ಅನ್ಕಂಡಿದ್ದೀಯವ್ವ?" ಎಂದ ಅಪ್ಪ, ಕಣ್ಣು ಜಾಡಿಯ ಮೇಲೇ ಇತ್ತು. "ನಿನ್ ಗಂಡ ಆಗ ಮೂರೊರ್ಸದೋನು. ಜರ ಬಂದು ವಾಸಿ ಆಯ್ತು, ಆಮೇಲೆ ತಿನ್ನಾದೇ ಬುಟ್ಬುಟ್ಟ. ಬಾಯ್ಗಿಟ್ರೆ ಉಗಿಯಾನು. ಒಣ್ಗಿ ಕಡ್ಡಿ ಆಗೋದ. ನಾನು ಒಡ್ದೆ. ಮೂಗಿಡ್ದು, ಮಕ್ಳಿಗೆ ಆಲು ಕುಡ್ಸೋ ಒಳಲೇಲಿ ಗಂಜಿ ಉಯ್ದೆ. ಎಲ್ಲಾ ಕಕ್ಕಂಡ. ನಿಮ್ಮತ್ತೆ ನನ್ ಕೈಯಿಂದ ಒಳಲೆ ಕಿತ್ಕಂಡು, ಇನ್ಮೇಲೆ ನನ್ ಮಗೀಗೆ ತಿನ್ನು ಅಂತ ಯಾರೂ ಅನ್ಕೂಡ್ದು ಅಂದ್ಳು. ಆವತ್ತು ಶನಿವಾರ. ದೀಪದ ಮುಂದೆ ನಿಂತ್ಕಂಡು, ನನ್ನೊಂದೊತ್ತಿನ ಅನ್ನ ಇವನ್ ಒಟ್ಟೆಗೋಗ್ಲಿ ಅಂತ ಕೇಳ್ಕಂಡ್ಳು. ಅಷ್ಟೇಯ."

"ತಿಂದ್ರಾ?" ಎಂದಳು ಹೆಂಡತಿ, ನಾನು ಎದುರಿಗಿಲ್ಲವೇನೋ ಎನ್ನುವ ಹಾಗೆ.

"ಆವತ್ತೇ ಅಲ್ಲ. ಒಂದಷ್ಟು ದಿಸ ಆದ್ಮೇಲೆ ಅವ್ನೇ ಬಂದು ಒಲೆ ಮುಂದೆ ಮುದ್ದೆ ತೊಳ್ಸೋ ತಾವ ಕೂತ್ಕಂಡ."

"ಆಮೇಲೆ ಯಾಕ್ ಬುಡ್ಲಿಲ್ಲ?" ಎಂದು ನಾನು ಕೇಳಿದೆ.

"ಬುಟ್ರೆ ನೀನು ಎಲ್ಲಿ ತಿನ್ನಾದ್ ನಿಲ್ಲಿಸ್ಬುಡ್ತೀಯೋ ಅಂತ ಭಯ ಅವ್ಳಿಗೆ."

ನಲವತ್ತು ವರ್ಷಕ್ಕೂ ಮಿಕ್ಕಿ. ಮೀಸೆ ಬಂದು, ಮದುವೆಯಾಗಿ, ತಲೆ ನೆರೆತು, ಹೊಟ್ಟೆ ಬಂದಮೇಲೂ ಅವಳು ನನ್ನ ಊಟಕ್ಕಾಗಿ ತನ್ನ ಊಟ ಬಿಡುತ್ತಲೇ ಇದ್ದಳು. ನಾನು ಅವಳ ಮುಂದೆ ಬೋಂಡ ಹಿಡಿದು ಕುಣಿಯುತ್ತಿದ್ದೆ. ಕೊಟ್ಟಿಗೆಯ ಹಿಂದೆ ಹೋಗಿ, ತೊಳೆದಿಟ್ಟ ಆ ಬಾನಿಯ ಅಂಚಿನ ಮೇಲೆ ಕೂತು ಅತ್ತೆ. ಅವಳು ಹೋದ ದಿನ ಓಡಾಟದಲ್ಲಿ ಅಳಲು ಆಗಿರಲಿಲ್ಲ, ಅದೂ ಸೇರಿಕೊಂಡಿತು.

ಭಾನುವಾರ ಬೆಳಿಗ್ಗೆ ಎಣಿಸಿ ಮೂರು ಸೊಳ್ಳೆಮರಿ ಹಾಕಿದೆ. ಮೀನು ಮೂರನ್ನೂ ಹಿಡಿದು, ಇನ್ನೂ ಬೇಕೆಂದು ನೋಡಿತು. ನಾನು ಜಾಲರಿ ಮಡಚಿಟ್ಟೆ. ಆವತ್ತಿನಿಂದ ಅಪ್ಪನಿಗೂ ಉಣ್ಣು ಎನ್ನುವುದನ್ನು ನಿಲ್ಲಿಸಿದೆ. ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದೆ. ಅರ್ಧ ಮುದ್ದೆ ಅರ್ಧವೇ ಉಳಿಯಿತು.

ಮುಂದಿನ ಶನಿವಾರ ನಾನು ಒಪ್ಪತ್ತು ಹಿಡಿದೆ. ಇಂಥದ್ದರಲ್ಲೆಲ್ಲ ನನಗೆ ನಂಬಿಕೆ ಇಲ್ಲ, ಈಗಲೂ ಇಲ್ಲ. ಒಬ್ಬರು ಬಿಟ್ಟ ಅನ್ನ ಇನ್ನೊಬ್ಬರ ಹೊಟ್ಟೆಗೆ ಹೇಗೆ ಹೋಗುತ್ತದೆ? ಬೇರೇನು ಮಾಡಬೇಕೋ ತಿಳಿಯಲಿಲ್ಲ, ಅಷ್ಟೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಹೊಟ್ಟೆ ಸರಿಯಿಲ್ಲ ಎಂದೆ. ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆಯದೆ ವಾಪಸು ತಂದು ಅಡುಗೆಮನೆಯ ಬಾಗಿಲಲ್ಲಿಟ್ಟೆ. ಹಸಿದ ಹೊಟ್ಟೆಯಲ್ಲಿ ಸುತ್ತು ತಪ್ಪಿ ಒಂದು ಮೋಟಾರಿನ ತಂತಿಯನ್ನು ಪೂರ್ತಿ ಬಿಚ್ಚಬೇಕಾಯಿತು. ಗಿರಾಕಿಗಳ ಮೇಲೆ ಹರಿಹಾಯ್ದೆ. ಅವ್ವ ಇಷ್ಟು ವರ್ಷ ಇದನ್ನು ನಗುನಗುತ್ತ ಹೇಗೆ ಮಾಡಿದಳೋ.

ಮೂರು ಶನಿವಾರ ಹೀಗೇ ಕಳೆದವು. ಅಪ್ಪನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ.

ನಾಲ್ಕನೆಯ ಶನಿವಾರ ಹೊತ್ತು ಮುಳುಗಿದ ಮೇಲೆ ಮೂವರೂ ಊಟಕ್ಕೆ ಕೂತಿದ್ದೆವು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಕಿಟಕಿಯ ಜಾಡಿಯಲ್ಲಿ ಮೀನು ಬಾಲ ಹರಡಿಕೊಂಡು ನಿಂತಿತ್ತು, ಅದಕ್ಕೂ ಆವತ್ತು ವಾರ. ಅಪ್ಪ ತನ್ನ ಅರ್ಧ ಮುದ್ದೆ ಮುಗಿಸಿದ. ಕೈ ತೊಳೆಯಲು ಏಳುತ್ತಾನೆಂದು ನಾನು ತಟ್ಟೆ ನೋಡುತ್ತಿದ್ದೆ. ಏಳಲಿಲ್ಲ.

"ಇನ್ನರ್ಧ ಆಕವ್ವ" ಎಂದು ಹೆಂಡತಿಗೆ ಹೇಳಿದ.

ಅವಳು ಸೌಟು ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ಮೂರ್ ವಾರದಿಂದ ಇವನ್ ಡಬ್ಬೀಲಿರೋ ಮುದ್ದೇನ ನಾನೇ ತಕ್ಕಂಡೋಗಿ ಕಲಗಚ್ಚಿಗಾಕ್ತಾ ಇವ್ನಿ. ಅಸಾ ತಿಂತಾ ಅದೆ. ಇವತ್ತೂ ಅಂಗೇ ಬಂದದೆ. ಇವ್ನು ಒಂದೊತ್ತು ಬುಟ್ಟವ್ನೆ ಅಂದ್ಮೇಲೆ ಅದು ಓಗ್ಬೇಕಾದ್ ಕಡೀಕೆ ಓಗ್ಬೇಕಲ್ವಾ?"

ಹೆಂಡತಿ ಅರ್ಧ ಮುದ್ದೆ ಮುರಿದು ಅಪ್ಪನ ತಟ್ಟೆಗೆ ಹಾಕಿ ಮೇಲೆ ಸಾರು ಬಿಟ್ಟಳು. ನಾನು ತಲೆ ಎತ್ತದೆ ಉಂಡೆ. ಇನ್ನೊಂಚೂರು ಎಂದು ಯಾರೂ ಅನ್ನಲಿಲ್ಲ.